ಎಂಬತ್ತರ ನಡುಕ

ವಿಜಯಪುರದಲ್ಲಿ ಸುಲ್ತಾನರು ಬಂದರು, ಹೋದರು, ಗುಮ್ಮಟಗಳು ಎದ್ದವು. ಅದೆಲ್ಲ ಇರಲಿ. ಇಲ್ಲಿ ಹೇಳಬೇಕಾದ ಸಂಗತಿ ಅದಕ್ಕಿಂತ ಗಂಭೀರವಾದದ್ದು. ಬಿಜ್ಜರಗಿಯ ದ್ರಾಕ್ಷಿ ಬೆಳೆಗಾರ ಚೇತನಕುಮಾರನ ಬಿಳಿ ಗಾಡಿಯ ಸೀಟು ಗಂಟೆಗೆ ಎಂಬತ್ತು ಕಿಲೋಮೀಟರ್ ಮುಟ್ಟಿದ ಕೂಡಲೇ ನಡುಗುತ್ತಿತ್ತು. ಎಪ್ಪತ್ತೈದರಲ್ಲಿ ಏನೂ ಇಲ್ಲ. ಎಂಬತ್ತಕ್ಕೆ ಬಂದರೆ ಚಳಿಜ್ವರ.

ಬಬಲೇಶ್ವರದ ಒಬ್ಬ ಮಿಸ್ತ್ರಿ ನಾಲ್ಕೂ ಟೈರು ಬದಲಿಸು ಅಂದ. ಗಾಂಧಿ ಚೌಕದ ಹತ್ತಿರದ ಇನ್ನೊಬ್ಬ ಗಾಡಿಯನ್ನೇ ಬದಲಿಸು ಅಂದ. ಆ ಮಿಸ್ತ್ರಿಯ ಭಾವನ ಗಾಡಿಯೊಂದು ಮಾರಾಟಕ್ಕಿತ್ತು. ಪಾಪ, ಅವರದಾದರೂ ಏನು ತಪ್ಪು? ಚೌಕದ ಸಂದಿಯಲ್ಲಿ ಆಟೊಗಳ ನಡುವೆ ಇಪ್ಪತ್ತು ದಾಟುವುದೇ ಒಂದು ಸಾಧನೆ. ಎಂಬತ್ತರ ರೋಗ ಅಲ್ಲಿ ಯಾರಿಗೆ ಕಾಣಬೇಕು?

ಹೀಗೆ ಗಾಡಿ ತೊರವಿ ರಸ್ತೆಯ ಶಾಂಭವಿಯ ಅಂಗಡಿಗೆ ಬಂತು. ಮುಂದಿನ ಅರ್ಧದಲ್ಲಿ ಅವಳ ಅಪ್ಪ ಶಿವಶರಣಪ್ಪ ಟೈರು ಮಾರುತ್ತಿದ್ದ. ಹಿಂದಿನ ಅರ್ಧದಲ್ಲಿ, ಆಟೊಮೊಬೈಲ್ ಡಿಪ್ಲೊಮಾ ಮುಗಿಸಿದ ಮಗಳು ಗಾಲಿಗಳನ್ನು ಮಶಿನ್ನಿಗೆ ಏರಿಸಿ, ತೂಕ ತಪ್ಪಿದ ಕಡೆ ಸೀಸದ ತುಣುಕು ಬಡಿದು, ಸಮ ಮಾಡಿ ಕಳಿಸುತ್ತಿದ್ದಳು.

"ಸ್ಟೇರಿಂಗ್ ನಡಗತೈತೋ, ಸೀಟ್ ನಡಗತೈತೋ?" ಅಂದಳು ಶಾಂಭವಿ.

"ಎಲ್ಲಾ ನಡಗತೈತಿ ಅನಸ್ತೈತ್ರಿ."

"ಅನಸ್ತೈತಿ ಅಂದ್ರ?"

"ಅಷ್ಟೊತ್ತಿಗೆ ನಾನೂ ನಡಗಾಕತ್ತಿರತೇನ್ರಿ. ಹಿಂಗಾಗಿ ಯಾವುದು ಯಾರದು ಗೊತ್ತಾಗೂದಿಲ್ಲ."

ಅವಳು ನಗು ಒಳಗೇ ಹಿಡಿದು ಗಾಲಿಯ ಕಡೆ ಬಾಗಿದಳು. ಸೀಸ ಬಡಿಯುತ್ತಿರುವಾಗ ಅವನ ಕಣ್ಣು ತನ್ನ ಕೈಯ ಮೇಲೇ ಇದೆ ಎಂಬುದು, ನೋಡದೆಯೇ ಗೊತ್ತಾಗುವ ರೀತಿಯಲ್ಲಿ, ಅವಳಿಗೆ ಗೊತ್ತಾಯಿತು. ತಲೆ ಎತ್ತಿದಳು. ಅವನು ಥಟ್ಟನೆ ಗೋಡೆಯ ಕ್ಯಾಲೆಂಡರಿನ ಅಧ್ಯಯನಕ್ಕೆ ತೊಡಗಿದ. ಅದು ಹೋದ ವರ್ಷದ್ದು. ಅದು ಚಾಲ್ತಿಯಲ್ಲಿದ್ದಾಗಲೂ ಅದನ್ನು ಯಾರೂ ಅಷ್ಟು ಶ್ರದ್ಧೆಯಿಂದ ಓದಿರಲಿಲ್ಲ.

ಹೋಗುವಾಗ ಒಂದು ಚೀಲ ಒಣದ್ರಾಕ್ಷಿ ಮೇಜಿನ ಮೇಲಿಟ್ಟ. "ಗಾಡ್ಯಾಗ ಹೆಚ್ಚಾಗಿತ್ರಿ. ಭಾರಕ್ಕ ನಡಗತೈತೇನೋ ಅಂತ ಇಳಿಸೇನಿ."

ವಾರ ಕಳೆದು ಮತ್ತೆ ಬಂದ. ಇನ್ನೂ ನಡುಗುತ್ತಿತ್ತಂತೆ. ಮಶಿನ್ನಿಗೆ ಏರಿಸಿದರೆ ನಾಲ್ಕೂ ಗಾಲಿ ಸರಿಯಾಗೇ ಇದ್ದವು. ದ್ರಾಕ್ಷಿಯ ಚೀಲ ಮಾತ್ರ ಈ ಸಲ ದೊಡ್ಡದಿತ್ತು.

ಅವನು ಹೋದ ಮೇಲೆ ಶಿವಶರಣಪ್ಪ ಪೇಪರಿನ ಹಿಂದಿನಿಂದಲೇ ಮಾತು ತೆಗೆದ. "ತಂಗೀ, ಗಾಡಿ ನಡಗತೈತೋ, ಆ ಹುಡುಗನ ನಡಗತಾನೋ, ಮೊದಲ ಅದನ್ನ ಚೆಕ್ ಮಾಡು."

"ಸುಮ್ಮಕಿರಪ್ಪಾ."

"ನಾ ಸುಮ್ಮಕಿರತೇನಿ. ಎದುರಿನ ಚಾದಂಗಡ್ಯಾವ್ರು ಸುಮ್ಮಕಿರಬೇಕಲ್ಲ? ಒಳ್ಳೆ ಗಾಲಿ ತಂದು ತಂದು ತೋರಸಾಕತ್ತಾನ ಅಂತ ನಗಾಕತ್ತಾರ."

ಶಾಂಭವಿಗೆ ಚುಚ್ಚಿತು. ಆ ರಸ್ತೆಯಲ್ಲಿ ಹೆಣ್ಣುಮಗಳೊಬ್ಬಳು ಗಾಲಿ ನೋಡುವ ಅಂಗಡಿ ಅದೊಂದೇ. ಜನ ಕೆಲಸಕ್ಕೆ ಬರುತ್ತಾರೋ ಮುಖ ನೋಡಲು ಬರುತ್ತಾರೋ ಎಂಬ ಚೇಷ್ಟೆಯ ಬಾಯಿ ಮುಚ್ಚಿಸಲು ಅವಳು ಬಹಳ ಸೀಸ ಬಡಿದಿದ್ದಳು. ಚೇತನಕುಮಾರ ಸುಳ್ಳುಗಾರನಾದರೆ ಅಂಗಡಿ ನಗೆಪಾಟಲು. ಅದಕ್ಕಿಂತ ಕೆಟ್ಟದ್ದೆಂದರೆ, ಸುಳ್ಳುಗಾರನ ಮೇಲೆ ಮನಸ್ಸಿಟ್ಟ ಹಾಗಾಗುತ್ತದೆ. ಆ ಗಾಡಿ ನಿಜವಾಗಿಯೂ ನಡುಗಲಪ್ಪಾ ಎಂದು ಬೇಡಿಕೊಂಡ ಮಿಸ್ತ್ರಿ ಜಿಲ್ಲೆಯಲ್ಲಿ ಅವಳೊಬ್ಬಳೇ ಇರಬೇಕು.

ಅಮಾವಾಸ್ಯೆಯ ದಿನ ಅಂಗಡಿಯ ಪೂಜೆ ಮುಗಿದರೆ ಗಿರಾಕಿ ಕಡಿಮೆ. ಅವತ್ತೇ ಅವನನ್ನು ಕರೆಸಿದಳು. ತಾನೇ ಸ್ಟೇರಿಂಗ್ ಹಿಡಿದಳು. ಅವನು ಪಕ್ಕದಲ್ಲಿ, ಪರೀಕ್ಷೆಗೆ ಕೂತ ಹುಡುಗನಂತೆ ಮೊಳಕಾಲ ಮೇಲೆ ಕೈ ಇಟ್ಟುಕೊಂಡು ಕೂತ. ತೊರವಿ ದಾಟಿದ ಮೇಲೆ ರಸ್ತೆ ತೆರೆಯಿತು. ಅರವತ್ತು. ಎಪ್ಪತ್ತು. ಅವಳ ಎದೆ ಗಾಡಿಗಿಂತ ಮುಂದೆ ಓಡುತ್ತಿತ್ತು.

ಎಂಬತ್ತು. ಎಂಬತ್ತೈದು. ತೊಂಬತ್ತು.

ಸೀಟು ದೇವರಮನೆಯ ಮಣೆಯಂತೆ ತಣ್ಣಗೆ ಕೂತಿತ್ತು.

"ನಡಗವಲ್ದು," ಅಂದ ಚೇತನಕುಮಾರ. ಅವನ ದನಿಯಲ್ಲಿದ್ದದ್ದು ಗಾಬರಿ.

ಟಿಕೋಟಾದವರೆಗೆ ಹೋಗಿ ಬಂದರೂ ಗಾಡಿ ನಡುಗಲಿಲ್ಲ. ಅಂಗಡಿಯ ಮುಂದೆ ನಿಲ್ಲಿಸಿ ಶಾಂಭವಿ ಕೀಲಿಯನ್ನು ಅವನ ಕೈಗೆ ಹಾಕಿದಳು, ಬೆರಳು ತಾಗದಂತೆ, ಮೇಲಿನಿಂದ.

"ಖರೇ ಹೇಳ್ರಿ. ಈ ಗಾಡಿ ಎಂದರ ನಡಗಿತ್ತೇನ್ರಿ?"

"ಅವ್ವನಾಣಿ ನಡಗತಿತ್ರಿ!"

"ಅವ್ವನ್ನ ಯಾಕ ತರತೀರಿ ನಡುವ? ನನ್ನ ನೋಡಾಕ ಬರೋದಿದ್ರ ನೆಟ್ಟಗ ಬರಬೇಕಿತ್ತು. ಗಾಲಿ ಉರುಳಿಸ್ಕೋತ ಬರಬಾರದಿತ್ತು."

ಅವನ ಮುಖ ಬಿಸಿಲಿಗೆ ಬಿದ್ದ ದ್ರಾಕ್ಷಿಯಂತೆ ಅವಳ ಕಣ್ಣೆದುರೇ ಸುಕ್ಕಾಯಿತು. "ನಾ ಸುಳ್ಳ ಹೇಳಾವ ಅಲ್ರಿ," ಅಂದು ಹೊರಟುಹೋದ. ಆ ದಿನದ ಚೀಲ ಮೇಜಿನ ಮೇಲೇ ಉಳಿಯಿತು. ಶಾಂಭವಿ ಮುಟ್ಟಲಿಲ್ಲ. ಶಿವಶರಣಪ್ಪ ತಿಂದ.

ಮರುದಿನ ಮಧ್ಯಾಹ್ನ ಅಂಗಡಿಯ ಮುಂದೆ ಹಾರ್ನು ಹೊಡೆದದ್ದು ಅದೇ ಬಿಳಿ ಗಾಡಿ. ಚೇತನಕುಮಾರ ಇಳಿಯಲಿಲ್ಲ. ಬಾಗಿಲು ಮಾತ್ರ ತೆರೆದು ಹಿಡಿದ.

"ಹತ್ರಿ. ನಡಗಾಕತ್ತೇತಿ."

"ನನಗ ಕೆಲಸ ಐತಿ."

"ಇದೂ ಕೆಲಸಾನ ಐತ್ರಿ. ನಡಗಲಿಲ್ಲಂದ್ರ ನಾ ಈ ರಸ್ತಾದಾಗ ಇನ್ನೊಮ್ಮೆ ಮಾರಿ ತೋರಸೂದಿಲ್ಲ."

ಶಿವಶರಣಪ್ಪ ಪೇಪರಿನ ಮೂಲೆ ಮಡಿಸಿ ನೋಡಿದ. "ಹೋಗ್ವಾ. ಅಂವ ಬರದಿದ್ರ ದ್ರಾಕ್ಷಿ ರೊಕ್ಕಾ ಕೊಟ್ಟು ತರಬೇಕಾಗತೈತಿ."

ಅವಳು ಮತ್ತೆ ಸ್ಟೇರಿಂಗ್ ಹಿಡಿದಳು. ತೊರವಿ ದಾಟಿತು. ಎಪ್ಪತ್ತು. ಎಪ್ಪತ್ತೈದು.

ಎಂಬತ್ತಕ್ಕೆ ಸೀಟಿನ ಕೆಳಗಿನಿಂದ ಗುಂಯ್ ಎಂದು ಎದ್ದಿತು. ಬೆನ್ನಿನಲ್ಲಿ ಹರಿದು ಹಲ್ಲಿನವರೆಗೆ ಬಂತು. ಕನ್ನಡಿಯಲ್ಲಿ ಹಿಂದಿನ ರಸ್ತೆ ಎರಡೆರಡಾಗಿ ಕಂಡಿತು.

"ನಡಗತು!" ಅಂದಳು ಶಾಂಭವಿ.

"ನಡಗತ್ರಿ!" ಅಂದ ಅವನು, ಚುನಾವಣೆ ಗೆದ್ದವನ ಹಾಗೆ.

ಇಬ್ಬರೂ ನಕ್ಕರು. ನಗುವೂ ನಡುಗಿಕೊಂಡೇ ಹೊರಬಂತು. ಆಮೇಲೆ ಅವಳ ಮುಖ ಮಿಸ್ತ್ರಿಯ ಮುಖವಾಯಿತು. ಆ ಮುಖವನ್ನು ನೋಡಲು ಅವನಿಗೆ ಈಗ ಕ್ಯಾಲೆಂಡರಿನ ಮರೆ ಬೇಕಿರಲಿಲ್ಲ.

"ಸ್ಟೇರಿಂಗ್ ನೋಡ್ರಿ, ಸುಮ್ಮನೈತಿ. ಅಂದ್ರ ಮುಂದಿನ ಗಾಲಿ ಅಲ್ಲ." ರಸ್ತೆ ಖಾಲಿಯಿದ್ದುದನ್ನು ನೋಡಿ ಗೇರು ತೆಗೆದು ನ್ಯೂಟ್ರಲ್ಲಿಗೆ ತಂದಳು. ಇಂಜಿನ್ನಿನ ಸದ್ದು ಇಳಿಯಿತು. ಗಾಡಿ ತನ್ನ ಓಟದಲ್ಲೇ ಹೋಗುತ್ತಿತ್ತು. ನಡುಕ ಹಾಗೇ ಇತ್ತು. "ಇಂಜಿನ್ನೂ ಅಲ್ಲ. ಹಿಂದಿನ ಗಾಲಿ ನಾನ ಸಮ ಮಾಡೇನಿ. ಉಳದಿದ್ದು ನಡುವಿಂದು."

"ನಡುವ ಏನೈತ್ರಿ?"

"ಇಂಜಿನ್ನಿನಿಂದ ಹಿಂದಿನ ಗಾಲಿಗೆ ಹೋಗೂ ಉದ್ದಂದು ಒಂದು ದಂಡ. ಶಾಫ್ಟ್. ಗಾಲಿಕಿಂತಾ ಜೋರ ತಿರಗತೈತಿ. ನಾ ಗಾಲಿ ಅಷ್ಟ ನೋಡಿದೆ, ಬುಡಕ ಬಗ್ಗಿ ನೋಡಲಿಲ್ಲ. ತಪ್ಪು ನಂದ."

ರಸ್ತೆ ಬದಿಯ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಇಟ್ಟು, ಗೋಣಿಚೀಲ ಹಾಸಿ ಅವಳು ಕೆಳಗೆ ತೂರಿದಳು. ಆ ಕಡೆಯಿಂದ ಅವನು ತೂರಿದ. ಮೊಬೈಲಿನ ಬೆಳಕು ಹಿಡಿದ. ಶಾಫ್ಟಿಗೆ ಮೆತ್ತಿದ್ದ ಎರೆಮಣ್ಣಿನ ಧೂಳನ್ನು ಅವಳು ಉಗುರಿನಿಂದ ಕೆರೆದಳು.

ಕರಿ ಕಂಬಳಿಯ ದಾರ. ಅದರ ಮೇಲೆ ತೆಳ್ಳನೆಯ ತಂತಿ. ಅದರೊಳಗೆ, ಶಾಫ್ಟಿಗೆ ಬಿಗಿದು ಕಟ್ಟಿದ ಒಂದು ಕುದುರೆ ಲಾಳ. ಹೊಸ ಕುಂಕುಮ ಇನ್ನೂ ಹಸಿಯಾಗಿತ್ತು.

ಚೇತನಕುಮಾರ ಗಂಟಿನ ಮೇಲೆ ಬೆರಳಾಡಿಸಿದ.

"ಇದು ನಮ್ಮ ತ್ವಾಟದ ಗಂಟ್ರಿ. ದ್ರಾಕ್ಷಿ ಬಳ್ಳಿ ತಂತಿಗೆ ಹಿಂಗ ಕಟ್ಟತಾರ. ಸಡ್ಲ ಆಗೂದಿಲ್ಲ, ಬಳ್ಳಿ ಕೊಯ್ಯೂದೂ ಇಲ್ಲ. ಊರಾಗ ಹಿಂಗ ಎಡಗೈಲೆ ಸುತ್ತಾಕಿ ಒಬ್ಬಾಕಿನ. ನಮ್ಮವ್ವ." ಕುಂಕುಮದ ಮೇಲೆ ಬೆಳಕು ಹಿಡಿದ. "ಪ್ರತಿ ಅಮಾಸಿಗೆ ಗಾಡಿ ಪೂಜಾ ಮಾಡತಾಳ."

"ಹಂಗಾರ ಅಮಾಸಿ ದಿನ ಬಿಚ್ಚಿ ದೇವರ ಮುಂದ ಇಡತಾಳ," ಅಂದಳು ಶಾಂಭವಿ, "ಮರುದಿನ ಕಟ್ಟತಾಳ. ಅದಕ್ಕ ನಿನ್ನೆ ನಡಗಲಿಲ್ಲ." ಅವಳು ಅವನ ಕಡೆ ತಿರುಗಿದಳು. ಜಾಗ ಬಹಳ ಇರಲಿಲ್ಲ. ಅವನ ಹುಬ್ಬಿನ ಮೇಲೆ ಒಂದು ಚೂರು ಕರಿಮಣ್ಣು ಕೂತಿತ್ತು. "ನೀವು ಸುಳ್ಳ ಹೇಳಿರಲಿಲ್ಲ. ನಾ ಹಂಗ ಅನಬಾರದಿತ್ತು."

"ಒಂದೀಟು ಹೇಳೇನ್ರಿ."

"ಯಾವುದು?"

"ಗಾಡಿ ನಡಗತಿತ್ತು, ಅದು ಖರೇ. ಆದರ ನಡಗದಿದ್ರೂ ಬರ್ತಿದ್ದೆ. ಅದನ್ನ ಹೇಳಿರಲಿಲ್ಲ."

"ಹೇಳಾಕ ಏನಾಗಿತ್ತು?"

"ನಿಮ್ಮ ಕೈಯಾಗ ಯಾವಾಗಲೂ ಸುತ್ತಿಗಿ ಇರತಿತ್ರಿ."

ಅವಳು ಅವನ ಹುಬ್ಬಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದಳು. ಅಲ್ಲಿ ಈಗ ಗ್ರೀಸು ಹತ್ತಿತು. ಮೊದಲಿಗಿಂತ ಕೆಟ್ಟಿತು. ಅವಳು ಅದನ್ನು ಹಾಗೇ ಬಿಟ್ಟಳು. ಬೇವಿನ ಎಲೆಗಳ ನಡುವಿನ ಬಿಸಿಲು ಗಾಡಿಯ ಅಂಚಿನವರೆಗೆ ಬಂದು, ಒಳಗೆ ಬರಬಾರದು ಎಂದು ತಿಳಿದ ಹಾಗೆ ನಿಂತಿತ್ತು.

"ಲಾಳ ಬಿಚ್ಚಲೇನ್ರಿ?" ಅಂದ ಅವನು, ಬಹಳ ಹೊತ್ತಿನ ಮೇಲೆ.

"ಬ್ಯಾಡ. ಕಟ್ಟಿದವ್ರನ್ನ ಕೇಳೂಣು."

ಬಿಜ್ಜರಗಿಯ ತೋಟದಲ್ಲಿ ಅವನ ಅವ್ವ ನೀಲಾಬಾಯಿ ಬಳ್ಳಿ ಕಟ್ಟುತ್ತಿದ್ದಳು. ಮಗನ ಹುಬ್ಬಿನ ಮೇಲಿನ ಗ್ರೀಸನ್ನೂ ಹುಡುಗಿಯ ಹೆಬ್ಬೆರಳಿನ ಗ್ರೀಸನ್ನೂ ಒಂದೇ ನೋಟದಲ್ಲಿ ಹೊಂದಿಸಿಕೊಂಡು, ಏನೂ ಕಾಣದವಳಂತೆ ಸೆರಗಿನಲ್ಲಿ ಕೈ ಒರೆಸಿದಳು.

"ಗಾಡಿ ಬುಡಕ ಲಾಳ ಕಟ್ಟಿ ಏನ ಬೇ?" ಅಂದ ಮಗ.

"ಕಟ್ಟೇನಿ. ಟಾಂಗಾದಾವ್ನ ಕಡಿಂದ ಬೇಡಿ ತಂದು ಕಟ್ಟೇನಿ. ನೀ ಎಂಥಾ ಜೋರ ಹೊಡೀತಿದ್ದಿ ಲೇ, ತೊರವಿ ದಾಟಿದ್ರ ನಾ ಕಣ್ಣ ಮುಚ್ಚತಿದ್ದೆ. ಜೋರ ಹೋಗಬಾರದಂತ ಬೇಡ್ಕೊಂಡು ಕಟ್ಟಿದೆ."

"ಅದರಿಂದನ ಗಾಡಿ ನಡಗತೈತಿ! ಎಂಬತ್ತರ ಮ್ಯಾಲ ಹೋಗಾಕ ಬರವಲ್ದು!"

"ಮತ್ತ?" ಅಂದಳು ನೀಲಾಬಾಯಿ. "ಕೆಲಸ ಮಾಡೇತಲ್ಲೋ."

ಶಾಂಭವಿ ಮೆಲ್ಲಗೆ ಹೇಳಿದಳು: "ಅತ್ತಿ, ಅದನ್ನ ಬಿಚ್ಚಬೇಕ್ರಿ. ಹಂಗ ನಡುಗಿ ನಡುಗಿ ಒಳಗಿನ ಜೋಡಣೆ ಸವೀತೈತಿ. ಒಂದ ದಿನ ಶಾಫ್ಟ ಕಳಚಿ ಬೀಳತೈತಿ."

ನೀಲಾಬಾಯಿಗೆ 'ಶಾಫ್ಟ್' ತಾಗಲಿಲ್ಲ. 'ಅತ್ತಿ' ತಾಗಿತು. ಹುಡುಗಿಯನ್ನು ಮೇಲಿಂದ ಕೆಳಗಿನವರೆಗೆ, ಬಳ್ಳಿ ನೋಡುವ ಹಾಗೆ, ನೋಡಿದಳು.

"ಬಿಚ್ಚವಾ. ಆದರ ಮತ್ತ ಇವನ್ನ ಯಾರು ಹಿಡಿಯೂದು?"

ಚೇತನಕುಮಾರ ತಂತಿಯ ಮೇಲಿನ ಬಳ್ಳಿಗಳನ್ನು ಎಣಿಸುವವನಂತೆ ನಿಂತ. ಶಾಂಭವಿ ಅವನ ಕಡೆ ನೋಡಿದಳು. ಅವನು ಇತ್ತ ನೋಡುವವರೆಗೂ ನೋಡಿದಳು. ಅವನು ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

"ನಾ ಹಿಡೀತೇನ್ರಿ," ಅಂದಳು.

"ಸಡ್ಲ ಆದೀಯಲ್ಲ?"

"ನಿಮ್ಮ ಗಂಟು ಕಲಸಿಕೊಡ್ರಿ."

ನೀಲಾಬಾಯಿ ಗಟ್ಟಿಯಾಗಿ ನಕ್ಕಳು. ಹತ್ತಿರ ಬಂದು, ಕೈಯಲ್ಲಿದ್ದ ಸುತಳಿಯ ತುಂಡನ್ನು ಶಾಂಭವಿಯ ಮಣಿಕಟ್ಟಿಗೆ ಎಡಗೈಯಿಂದ ಸುತ್ತಿ, ಬಿಗಿಯೂ ಅಲ್ಲದ ಸಡಿಲವೂ ಅಲ್ಲದ ಆ ಗಂಟನ್ನು ಹಾಕಿದಳು. "ಹಿಂಗ ನೋಡು. ಲೇ ಚೇತ್ಯಾ, ಏನ ನಿಂತಿ? ಹೋಗು, ಲಾಳ ಬಿಚ್ಚು."

ಅವನು ಓಡಿದ. ಆ ಓಟ ಎಂಬತ್ತಕ್ಕೆ ಕಡಿಮೆ ಇರಲಿಲ್ಲ.

ಸಂಜೆ ಅದೇ ರಸ್ತೆಯಲ್ಲಿ ಶಾಂಭವಿ ಗಾಡಿಯನ್ನು ತೊಂಬತ್ತಕ್ಕೆ ಒಯ್ದಳು. ಸೀಟು ಕದಲಲಿಲ್ಲ. ಟಿಕೋಟಾದಿಂದ ತೊರವಿಯವರೆಗೆ ಹೊಲಗಳು, ಕಂಬಗಳು, ಕುರಿಹಿಂಡುಗಳು ಒಂದೊಂದೇ ಕನ್ನಡಿಯಲ್ಲಿ ಬಂದು ಹೋದವು. ಅವಳು ಕಿಟಕಿ ಇಳಿಸಿ, ಎದುರಿನ ಗಾಳಿಗೆ ಕೇಳುವಂತೆ ಒಮ್ಮೆ ಕೂಗಿದಳು. ಅಂಗಡಿಯ ಮುಂದೆ ಬಂದಾಗ ಚಾದಂಗಡಿಯವರೆಲ್ಲ ಎದ್ದು ನಿಂತಿದ್ದರು. ಅವಳು ಇಳಿದು, ಲಾಳವನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು. "ನೋಡ್ರಿ. ಇದರಿಂದ ಗಾಡಿ ನಡಗತಿತ್ತು."

"ಮತ್ತ ಹುಡುಗ?" ಅಂದ ಶಿವಶರಣಪ್ಪ.

"ಅಂವ ಈಗೂ ನಡಗಾಕತ್ತಾನ. ನಿನ್ನ ಜೋಡಿ ಮಾತಾಡೂದೈತಂತ."

ಶಿವಶರಣಪ್ಪ ಪೇಪರ್ ಮಡಿಸಿ ಇಟ್ಟ.

ಮದುವೆ ಆಯಿತು. ಲಾಳ ಅಂಗಡಿಯ ಬಾಗಿಲ ಮೇಲಿದೆ. ಗಾಡಿ ಈಗ ನೂರರಲ್ಲೂ ನಡುಗುವುದಿಲ್ಲ. ಚೇತನಕುಮಾರ ಎಪ್ಪತ್ತು ದಾಟುವುದಿಲ್ಲ.