ತಂಗಿಯ ರೇಡಿನ ವಿಡಿಯೊ

ಇದು ನಮ್ಮ ಮನೆಯಲ್ಲೇ ನಡೆದದ್ದು. ಯಾರನ್ನೂ ನಂಬಿಸುವಷ್ಟು ಶಕ್ತಿ ನನಗಿಲ್ಲ, ನಡೆದಷ್ಟು ಬರೆಯುತ್ತೇನೆ.

ತಂಗಿ ಶ್ರೀವಾಣಿಯ ಕಬಡ್ಡಿ ಆಯ್ಕೆಗೆ ಪಂದ್ಯದ ವಿಡಿಯೊ ಒಂದನ್ನು ಸಂಜೆ ಐದರೊಳಗೆ ಕಳಿಸಬೇಕಿತ್ತು. ಹೋಳೂರಿನಲ್ಲಿ ಅವಳು ಆಡಿದ ಪಂದ್ಯವೊಂದು, ಆಟಗಳ ವಿಡಿಯೊ ಹಾಕುವ ಒಂದು ಜಾಲತಾಣದಲ್ಲಿತ್ತು. ಮಧ್ಯಾಹ್ನ ಡೌನ್‌ಲೋಡ್ ಮಾಡಿ ನೋಡಿದೆ. ಶ್ರೀವಾಣಿ ರೇಡ್ ಮುಗಿಸಿ ಗೆರೆ ದಾಟಿ ಬಂದ ಮೇಲೂ 'ಕಬಡ್ಡಿ ಕಬಡ್ಡಿ' ಎಂಬ ಧ್ವನಿ ನಿಲ್ಲಲಿಲ್ಲ. ಫೈಲ್ ಕೆಟ್ಟಿರಬೇಕೆಂದು ಇನ್ನೆರಡು ಸಲ ಇಳಿಸಿಕೊಂಡೆ. ಅದೇ ಧ್ವನಿ. ನನಗೆ ಕಣ್ಣು ಉರಿಯುತ್ತಿತ್ತು.

"ಇದೇನೇ, ವಾಪಸ್ ಬಂದ್ಮೇಲೂ ಕೂಗ್ತಾನೇ ಇದೀಯ?"

ಅವಳು ಚಾಪೆಯಿಂದ ಏಳದೆಯೇ ಹೇಳಿದಳು. "ಆವತ್ತು ನಂಗೆ ಗಂಟ್ಲೇ ಕಟ್ಟೋಗಿತ್ತಲ್ಲಕ್ಕ. ಬರೀ ತುಟಿ ಆಡಿಸ್ದೆ. ಕಬಡ್ಡಿ ಅನ್ಲಿಲ್ಲ ಅಂತ ಅಂಪೈರ್ ಔಟ್ ಕೊಡ್ತಾರೆ ಅಂದ್ಕೊಂಡ್ರೆ, ಪಾಯಿಂಟ್ ಕೊಟ್ರು."

"ಹಂಗಾದ್ರೆ ಇದು ಯಾರು?"

"ಯಾರಾದ್ರೂ ಆಗ್ಲಿ ಕಣಕ್ಕ. ಬೇರೆ ವಿಡಿಯೊ ಎಲ್ಲಿದೆ? ಇದನ್ನೇ ಕಳಿಸ್ಬಿಡು."

ಕಳಿಸಿದೆ. ಅವಳು ಆಯ್ಕೆಯೂ ಆದಳು.

ಅವಳು ಕ್ಯಾಂಪಿಗೆ ಹೋದ ಮೇಲೆ ಒಂದು ದಿನ ಕೂತು ಆ ವಿಡಿಯೊ ಪೂರ್ತಿ ಕೇಳಿದೆ. ವಿರಾಮದಲ್ಲಿ ಎರಡೂ ತಂಡದವರು ನೀರು ಕುಡಿಯುವಾಗಲೂ ಆ 'ಕಬಡ್ಡಿ ಕಬಡ್ಡಿ' ನಡೆದೇ ಇದೆ. ನಲವತ್ತು ನಿಮಿಷದಲ್ಲಿ ಆ ಧ್ವನಿ ಒಂದು ಸಲವೂ ಉಸಿರೆಳೆದುಕೊಂಡಿಲ್ಲ.