ಬೆನ್ನ ಮೇಲಿನ ಗಂಟು

ರಾತ್ರಿ ಎರಡು ಗಂಟೆ ಹತ್ತು ನಿಮಿಷ. ಬ್ರೊಮೊ ಬೆಟ್ಟದ ಬುಡದ ಮರಳು ಬಯಲಿನಲ್ಲಿ ಒಂದು ಜೀಪೂ ಇರಲಿಲ್ಲ.

ಬೇರೆ ದಿನವಾಗಿದ್ದರೆ ಸೂರ್ಯೋದಯ ನೋಡಲು ಹೊರಟವರ ಜೀಪುಗಳ ದೀಪ ಈ ಹೊತ್ತಿಗೆ ಸಾಲುಗಟ್ಟಿರುತ್ತಿತ್ತು. ಆದರೆ ತೆಂಗೆರ್ ಜನರ ವ್ರತದ ತಿಂಗಳು ಕಪಿತು ಆಗಷ್ಟೇ ಶುರುವಾಗಿತ್ತು. ಈ ಮೊದಲ ದಿನ ಮಧ್ಯಾಹ್ನದವರೆಗೆ ವಾಹನ ಬಯಲಿಗೆ ಇಳಿಯುವಂತಿಲ್ಲ.

ಜೀಪ್ ಓಡಿಸುವ ಬಾಸುಕಿಗೆ ಅಭ್ಯಾಸದಿಂದಲೇ ಎಚ್ಚರವಾಯಿತು. ತಂದೆಯ ಜೊತೆ ಮಲಾಂಗಿನ ಆಸ್ಪತ್ರೆಯಲ್ಲಿ ಐದು ವಾರ ಕಳೆದು ಹಿಂದಿನ ಸಂಜೆಯಷ್ಟೇ ಊರಿಗೆ ಮರಳಿದ್ದ. ಬಾಗಿಲು ತೆರೆದರೆ ಅದೇ ಊರಿನ ಪೂರ್ನಿ, ಲಾಟೀನು ಹಿಡಿದು, ಟ್ರೈಪಾಡ್ ಹೊತ್ತು ಬಯಲಿನ ಕಡೆ ಇಳಿಯುತ್ತಿದ್ದಳು.

ಅವನ ಕಣ್ಣು ಹೋದದ್ದು ಅವಳು ಚಳಿಗೆ ಹೊದ್ದ ಸರೊಂಗ್ ಬಟ್ಟೆಯ ಗಂಟಿನ ಮೇಲೆ. ಮದುವೆಯಾಗದ ಹೆಣ್ಣುಮಕ್ಕಳು ಬಲ ಭುಜದ ಮೇಲೆ ಗಂಟು ಹಾಕುತ್ತಾರೆ, ಆದವರು ಬೆನ್ನ ಮೇಲೆ. ಪೂರ್ನಿಯ ಗಂಟು ಬೆನ್ನ ಮೇಲಿತ್ತು.

ಅವಳ ಮನೆಗೆ ಗಂಡಿನ ಕಡೆಯವರು ಬಂದಿದ್ದರೆಂದು ಅವನ ಸೋದರತ್ತೆ ಫೋನಿನಲ್ಲಿ ಹೇಳಿ ಮೂರು ವಾರವಾಗಿತ್ತು. ಆಮೇಲೇನಾಯಿತೆಂದು ಕೇಳುವ ಧೈರ್ಯ ಅವನಿಗೆ ಬಂದಿರಲಿಲ್ಲ.

"ಜೀಪಿಲ್ದೆ ನಡೆಯೋಕೆ ಬರುತ್ತಾ, ಬಾಸುಕಿ?" ಹಿಂದೆ ಬಂದವನ ಹೆಜ್ಜೆ ಸದ್ದಿಗೆ ತಿರುಗದೆಯೇ ಕೇಳಿದಳು.

"ಬರುತ್ತೆ. ಗೇರ್ ಮಾತ್ರ ಎರಡೇ."

"ಹಾಗಾದ್ರೆ ಇದನ್ನ ಹಿಡ್ಕೋ. ಮೂರು ಗಂಟೆಗೆಲ್ಲ ವಲುಕು ಮುಳುಗುತ್ತೆ."

ವಲುಕು ಎಂದರೆ ನೇಗಿಲು, ಅದರ ಆಕಾರದ ನಕ್ಷತ್ರಪುಂಜ. ಆ ನಕ್ಷತ್ರಗಳು ಪಡುವಣದಲ್ಲಿ ಬಾತೊಕ್ ಬೆಟ್ಟದ ತಲೆಗೆ ಇಳಿಯುತ್ತಿದ್ದವು. ದಕ್ಷಿಣದಿಂದ ಮೋಡ ಏಳುತ್ತಿತ್ತು.

ಎರಡು ವರ್ಷದ ಹಿಂದೆ, ಸೂರ್ಯೋದಯದ ದಿಣ್ಣೆಯ ಮೇಲಿನ ಅವಳ ಕಾಫಿ ಅಂಗಡಿಯಲ್ಲಿ, ಒಬ್ಬ ಫೋಟೋಗ್ರಾಫರ್ ಪರದೆ ಬಿರುಕು ಬಿಟ್ಟ ಕ್ಯಾಮೆರಾವನ್ನು ಅಗ್ಗಕ್ಕೆ ಕೊಟ್ಟು ಹೋಗಿದ್ದ. ಮೊದಲ ಚಿತ್ರ ತೆಗೆದ ರಾತ್ರಿ ಪೂರ್ನಿ ಓಡಿಬಂದು ಬಾಸುಕಿಯ ಜೀಪಿನ ಗಾಜು ಬಡಿದಿದ್ದಳು. "ಕಣ್ಣಿಗೆ ಕಾಣದ ಚುಕ್ಕಿಯೆಲ್ಲ ಇದಕ್ಕೆ ಕಾಣುತ್ತೆ, ನೋಡು!" ಅವನು ಅವಳ ಮುಖ ನೋಡಿದ್ದ. ಚಿತ್ರದಲ್ಲಿ ಏನಿತ್ತೆಂದು ಅವನಿಗೆ ಈಗಲೂ ನೆನಪಿಲ್ಲ.

ಅಲ್ಲಿಂದ ಮುಂದೆ ಅವಳು ಸರಿಯಾಗಿ ನಿದ್ದೆ ಮಾಡಿದ ರಾತ್ರಿಗಳು ಕಡಿಮೆ. ಪ್ರತಿ ಚಿತ್ರಕ್ಕೂ ಯಾವುದಾದರೂ ಜೀಪಿನ ಬೆಳಕು ಅಡ್ಡ ಬರುತ್ತಿತ್ತು. ಪೂರ್ತಿ ಕತ್ತಲೆ ಸಿಗುತ್ತಿದ್ದದ್ದು ಕಪಿತು ತಿಂಗಳ ಮೊದಲ ಮತ್ತು ಕೊನೆಯ ರಾತ್ರಿ ಮಾತ್ರ.

ಅವನ ಕೈಗೆ ಲಾಟೀನು ಕೊಟ್ಟು ಮರಳಿನ ಮೇಲೆ ನಿಲ್ಲಿಸಿದಳು.

"ಇಪ್ಪತ್ತೈದು ಸೆಕೆಂಡು. ಅಲ್ಲಾಡಿದ್ರೆ ದೆವ್ವದ ಥರ ಬರ್ತೀಯ."

"ಈಗ ಚೆಂದ ಇದೀನಾ?"

"ಕತ್ತಲಲ್ಲಿ ಪರವಾಗಿಲ್ಲ."

ಶಟರ್ ತೆರೆಯಿತು. ಅವನು ಮನಸ್ಸಿನಲ್ಲೇ ಎಣಿಸಿದ. ಎಂಟರವರೆಗೆ ತಡೆದುಕೊಂಡ.

"ನಿನ್ನ ಗಂಡ ಎಲ್ಲಿ?"

"ಯಾವ ಗಂಡ?"

"ಗಂಟು ಬೆನ್ನ ಮೇಲಿದೆಯಲ್ಲ." ತೋರಿಸಲು ಕೈ ಎತ್ತಿದ. ಲಾಟೀನು ಓಲಾಡಿತು. ಚಿತ್ರ ಕೆಟ್ಟಿತು.

ಪೂರ್ನಿ ಬೆನ್ನು ತಡವಿ ನೋಡಿಕೊಂಡಳು. "ಭುಜದ ಮೇಲೆ ಕ್ಯಾಮೆರಾ ಪಟ್ಟಿ ಹಾಕ್ಬೇಕಲ್ಲ ಮಹಾರಾಯ! ಗಂಟಿದ್ರೆ ಜಾರುತ್ತೆ ಅಂತ ಹಿಂದಕ್ಕೆ ತಳ್ಳಿದೆ."

ಜೋರಾಗಿ ನಕ್ಕಳು. ನಗು ಬೇಗ ನಿಂತಿತು.

"ಮಧ್ಯಾಹ್ನ ರಸ್ತೆ ತೆರೆದ ಕೂಡ್ಲೇ ವೊನೊಕಿತ್ರಿ ಊರಿಂದ ಗಂಡಿನ ಕಡೆಯವರು ಉತ್ತರ ಕೇಳೋಕೆ ಬರ್ತಾರೆ. ಬೆಳಿಗ್ಗೆ ಹೇಳ್ತೀನಿ ಅಂತ ಅಪ್ಪನಿಗೆ ಅಂದಿದೀನಿ."

"ಏನು ಹೇಳ್ತೀಯ?"

"ಮೂರು ವಾರ ನಿಂಗೆ ಮೆಸೇಜ್ ಮಾಡ್ದೆ. ಮಳೆ ಬಂತು ಅಂದೆ, ಲೆನ್ಸಿಗೆ ಬೂಷ್ಟು ಹಿಡೀತು ಅಂದೆ. ಎಲ್ಲಕ್ಕೂ ನಿಂದು ಒಂದೇ, 'ಸರಿ'. ಬರೀ 'ಸರಿ' ಅನ್ನೋನ ಹೆಸರು ಅಪ್ಪನ ಮುಂದೆ ಹೇಗೆ ಹೇಳ್ಲಿ?"

ಬಾಸುಕಿ ತಲೆ ಎತ್ತಿ ಆಕಾಶ ನೋಡಿದ. ಮೋಡ ಬಾತೊಕ್ ಬೆಟ್ಟದ ಎಡಗಡೆಯನ್ನು ಆಗಲೇ ನುಂಗಿತ್ತು. ನೇಗಿಲಿಗೂ ಮೋಡಕ್ಕೂ ನಡುವೆ ಅಂಗೈಯಷ್ಟು ಜಾಗ ಉಳಿದಿತ್ತು.

"ಇನ್ನೊಂದು ತೆಗಿ," ಎಂದ.

"ಇದೇ ಕೊನೇದು. ಉಸಿರೂ ಬಿಡ್ಬೇಡ."

ಶಟರ್ ತೆರೆಯಿತು. ಲಾಟೀನು ಹಿಡಿದ ಕೈ ಈ ಸಲ ಅಲುಗಲಿಲ್ಲ.

"ಬೆಳಿಗ್ಗೆ ನಿಮ್ಮಪ್ಪನ ಹತ್ರ ಬರ್ತೀನಿ," ತುಟಿ ಅಲ್ಲಾಡಿಸದೆ ಹೇಳಲು ನೋಡಿದ.

"ಉಸಿರೂ ಬಿಡ್ಬೇಡ ಅಂದ್ನಲ್ಲ."

"ನನ್ನ ಮದ್ವೆ ಆಗ್ತೀಯಾ, ಪೂರ್ನಿ?"

ಅವನು ಎಣಿಸುತ್ತಲೇ ಇದ್ದ. ಹದಿಮೂರು, ಹದಿನಾಲ್ಕು. ಇಷ್ಟು ಉದ್ದದ ಸೆಕೆಂಡುಗಳನ್ನು ಅವನು ಆಸ್ಪತ್ರೆಯಲ್ಲೂ ಎಣಿಸಿರಲಿಲ್ಲ. ಹದಿನೆಂಟು. ಆಗ ಮರಳಿನ ಮೇಲೆ ಓಡುವ ಕಾಲಿನ ಸದ್ದು ಕೇಳಿತು. ಶಟರ್ ಮುಚ್ಚುವಾಗ ಅವಳ ತಣ್ಣನೆಯ ಹಣೆ ಅವನ ಎದೆಗೊತ್ತಿತ್ತು.

"ಚಿತ್ರ?" ಎಂದ.

"ಕೆಟ್ಟಿತು," ಎಂದಳು. ಅಲುಗಲಿಲ್ಲ.

ಬಿರುಕು ಬಿಟ್ಟ ಪರದೆಯಲ್ಲಿ ಅದನ್ನು ಇಬ್ಬರೂ ನೋಡಿದರು. ಬೆಟ್ಟದ ನೆತ್ತಿಯ ಮೇಲೆ ನೇಗಿಲು, ಕೆಳಗೆ ಕಲ್ಲಿನಂತೆ ನಿಂತ ಬಾಸುಕಿ, ಲಾಟೀನಿನ ಕಡೆಗೆ ಒಂದು ಮಸುಕು ಗೆರೆ.

"ದೆವ್ವ ನೀನೇ," ಎಂದ.

ಬೆಳಿಗ್ಗೆ ಆರೂಕಾಲಿಗೆ ಬಾಸುಕಿ ಪೂರ್ನಿಯ ಮನೆಯ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತಿದ್ದ. ಅವಳಪ್ಪ ಅವನ ಕೈಗೆ ಟೀ ಲೋಟ ಕೊಟ್ಟರು. ವ್ರತದ ದಿನವಾದ್ದರಿಂದ ಸಕ್ಕರೆ ಹಾಕಿರಲಿಲ್ಲ. ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಮಗಳ ಮುಖ ನೋಡಿ, ವೊನೊಕಿತ್ರಿಗೆ ಫೋನ್ ಮಾಡಿದರು.

ಮಧ್ಯಾಹ್ನ ರಸ್ತೆ ತೆರೆಯಿತು. ಆ ಕಡೆಯಿಂದ ಯಾರೂ ಬರಲಿಲ್ಲ.