ಗುಡಿಸಲು ದಾಟಿದ ಎಲ್ಲೆಗಲ್ಲು

ಏಳು ವರ್ಷಕ್ಕೊಮ್ಮೆ ಎಲ್ಲೆ ಸುತ್ತುವ ದಿನವದು. ವಿಲೋ ಮರದ ಕೋಲಿನಿಂದ ಎಲ್ಲೆಗಲ್ಲುಗಳಿಗೆ ಬಡಿಯುತ್ತ ಹೊರಟಿದ್ದ ಆರ್ಡ್ಲಿ ಊರಿನವರು ಮರ್ಸಿ ಡನೇಜ್ ಮುದುಕಿಯ ಗುಡಿಸಲಿನ ಹತ್ತಿರ ಗಕ್ಕನೆ ನಿಂತರು. ಗುಡಿಸಲಿನ ಆಚೆ ಇರಬೇಕಾದ ಕಲ್ಲು ಈಚೆ ಇತ್ತು. ಚಳಿಗಾಲವಿಡೀ ಹಾಸಿಗೆ ಹಿಡಿದಿದ್ದ ಮುದುಕಿ ಮಲಗಿದಲ್ಲೇ ಪಕ್ಕದ ಕೂಂಬ್ ಪ್ಯಾರಿಷ್ಷಿಗೆ, ಅಂದರೆ ಆ ಊರಿನ ಚರ್ಚಿನ ಸರಹದ್ದಿಗೆ, ಸೇರಿಬಿಟ್ಟಿದ್ದಳು.

"ಇದು ಆಚೆ ಇತ್ತು, ನಂಗೆ ಚೆನ್ನಾಗಿ ನೆನಪಿದೆ" ಎಂದ ಗೋರಿ ತೋಡುವ ಆಲ್ಬಿನ್ ಪಾಸ್ಕ್.

"ನೆನಪು ಬೇರೆ, ಇದ್ದಿಲು ಬೇರೆ. ಅಗೆದು ನೋಡು" ಎಂದರು ಪಾದ್ರಿ ಥರ್ಸ್ಬಿ. ಮಣ್ಣಿನಲ್ಲಿ ಇದ್ದಿಲು ಕೊಳೆಯುವುದಿಲ್ಲವೆಂದು ಹಿಂದಿನವರು ಎಲ್ಲೆಗಲ್ಲಿನ ಬುಡಕ್ಕೆ ಅದನ್ನು ಹಾಕುತ್ತಿದ್ದರು. ಆಲ್ಬಿನ್ ಅಗೆದ. ಇದ್ದಿಲು ಸಿಕ್ಕಿತು; ಎಲ್ಲೆ ಅದೇ ಎಂದಾಯಿತು.

ಆರ್ಡ್ಲಿಯ ಚರ್ಚಿನಂಗಳದಲ್ಲಿ ಹೆಣ ಹೂಳಲು ಉಳಿದಿದ್ದ ಚೂರು ಜಾಗ ಆ ಪ್ಯಾರಿಷ್ಷಿನವರಿಗೆ ಮಾತ್ರ. ಗಂಡ ಜೇಬೆಜ್‌ನ ಪಕ್ಕದಲ್ಲಿ ಮಣ್ಣಾಗುವುದೊಂದೇ ಮರ್ಸಿಯ ಆಸೆ. ತಾಯಿಯಿಲ್ಲದ ತನಗೆ ತುತ್ತಿಟ್ಟು ಬೆಳೆಸಿದವಳಿಗೆ ಆಲ್ಬಿನ್ ಮಾತು ಕೊಟ್ಟಿದ್ದ. ಸೀದಾ ಮಿಸ್ ಕ್ವೆನೆಲ್ ಮನೆಗೆ ಓಡಿದ. ಊರಿನ ಅರ್ಧ ಮಕ್ಕಳ ಹೆರಿಗೆ ಮಾಡಿಸಿದ ಆ ಸೂಲಗಿತ್ತಿ, ಈಗ ಊರಿನ ಕಳ್ಳತನಗಳನ್ನೆಲ್ಲ ಪತ್ತೆ ಮಾಡುತ್ತಿದ್ದಳು.

"ಅಮ್ಮಾ, ನೀವೇ ದಾರಿ ತೋರಿಸ್ಬೇಕು."

"ಅಳ್ಬೇಡ ಕಣೋ. ಕಲ್ಲಿಗೇನು ಕಾಲಿದ್ಯಾ? ಗುದ್ದಲಿ ತಗೋ, ನಡಿ."

ಗುಡಿಸಲಿನ ಆಚೆ, ಆಲ್ಬಿನ್ ತೋರಿಸಿದ ಜಾಗದಲ್ಲೇ ಅಗೆಸಿದಳು. ಅಲ್ಲೂ ಇದ್ದಿಲಿತ್ತು! ಎರಡು ಕಡೆಯದನ್ನೂ ಬೇರೆಬೇರೆ ಕರವಸ್ತ್ರದಲ್ಲಿ ಕಟ್ಟಿಕೊಂಡು ಕೇಳಿದಳು: "ಚಳೀಲಿ ಮರ್ಸಿಗೆ ಒಲೆಗೇನು ಗತಿ?"

"ಏನೂ ಇಲ್ಲ. ಇದ್ದಿಲು ಸುಡೋ ಕೂಂಬಿನ ಮುದುಕ ಆಂಬ್ರೋಸ್ ಟ್ಯೂಕ್ ಎರಡು ಸಲ ಮೂಟೆ ತಂದ. ಭಿಕ್ಷೆ ಬೇಡ ಅಂತ ಬಾಗಿಲಿಂದಲೇ ಅಟ್ಟಿದ್ಲು."

ಮರುದಿನ ಮಧ್ಯಾಹ್ನ ಪಾದ್ರಿಗಳು, ಆಲ್ಬಿನ್, ಆಂಬ್ರೋಸ್ ಎಲ್ಲರೂ ಮರ್ಸಿಯ ಹಾಸಿಗೆಯಿದ್ದ ಅಡುಗೆಮನೆಯಲ್ಲಿ ಸೇರಿದರು. ಮಿಸ್ ಕ್ವೆನೆಲ್ ಮೇಜಿನ ಮೇಲೆ ಎರಡೂ ಗಂಟು ಬಿಚ್ಚಿದಳು.

"ಆಚೆಯ ಇದ್ದಿಲು ನೋಡಿ, ಹುಲ್ಲಿನ ಬೇರು ಒಳಗೆಲ್ಲ ತೂರಿದೆ, ಒತ್ತಿದ್ರೆ ಪುಡಿ. ಈಚೇದ್ರಲ್ಲಿ ತೊಗಟೆ ಕೂಡ ಹಾಗೇ ಇದೆ. ಮೊನ್ನೆಮೊನ್ನೆ ಸುಟ್ಟದ್ದು. ಕಲ್ಲು ಜರುಗಿಸಿದವನಿಗೆ ಹಳೇ ಪದ್ಧತಿ ಗೊತ್ತಿತ್ತು, ಕೈಲಿ ಹೊಸ ಇದ್ದಿಲೂ ಇತ್ತು. ಈ ಸುತ್ತಮುತ್ತ ಇದ್ದಿಲು ಸುಡೋನು ಒಬ್ಬನೇ."

ಆಂಬ್ರೋಸ್ ತಲೆ ತಗ್ಗಿಸಿದ.

"ಇವನಿಗೇನು ಲಾಭ?" ಎಂದರು ಪಾದ್ರಿಗಳು.

"ಲಾಭ ಇವನಿಗಲ್ಲ, ಸ್ವಾಮಿ. ಕೂಂಬಿನಲ್ಲಿ ವಿಧವೆಯರಿಗೆಲ್ಲ ಪ್ಯಾರಿಷ್ಷೇ ಕಲ್ಲಿದ್ದಲು ಕೊಡುತ್ತೆ. ಅದು ಭಿಕ್ಷೆ ಅಲ್ಲ, ಹಕ್ಕು. ಮರ್ಸಿ ಮನೆ ಬಿಟ್ಟು ಕದಲೋಳಲ್ಲ. ಅದಕ್ಕೆ ಇವನು ಎಲ್ಲೆಯನ್ನೇ ಕದಲಿಸಿದ."

"ಇವಳು ನಡುಗೋದನ್ನ ನೋಡಕ್ಕಾಗ್ಲಿಲ್ಲ" ಎಂದ ಆಂಬ್ರೋಸ್, ಟೋಪಿ ಹಿಂಡುತ್ತ. "ಗೋರಿ ಜಾಗ ತಪ್ಪಿಹೋಗುತ್ತೆ ಅಂತ ದೇವರಾಣೆ ಗೊತ್ತಿರ್ಲಿಲ್ಲ. ನಮ್ಮ ಕೂಂಬಿನಲ್ಲಿ ಜಾಗ ಬೇಕಾದಷ್ಟಿದೆ, ಸತ್ತವರನ್ನ ಯಾವೂರು ಅಂತ ಯಾರೂ ಕೇಳಲ್ಲ."

ಆಲ್ಬಿನ್‌ಗೆ ನಿನ್ನೆಯಿಂದ ಇದ್ದ ಕೋಪ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆ ಮುದುಕನನ್ನು ಕಂಡು ಅಯ್ಯೋ ಅನ್ನಿಸಿತು. ಮರ್ಸಿ ಕೊರಳಿಗೆ ಶಾಲು ಎಳೆದುಕೊಂಡು ಅಂದಳು:

"ಹೋಗು, ಕಲ್ಲನ್ನ ಅದರ ಜಾಗಕ್ಕಿಟ್ಟು ಬಾ. ನಾನು ಮಲಗೋದು ಜೇಬೆಜ್ ಪಕ್ಕಾನೇ. ಆದ್ರೆ ಅದಕ್ಕಿನ್ನೂ ಟೈಮಿದೆ, ಆಂಬ್ರೋಸ್. ಬರುವಾಗ ಒಂದು ಮೂಟೆ ತಗೊಂಡು ಬಾ. ಬಾಗಿಲಲ್ಲಿಟ್ಟು ಓಡ್ಬೇಡ, ಒಳಗೆ ಬಂದು ನೀನೇ ಒಲೆ ಹಚ್ಚು, ಇಬ್ರೂ ಮೈ ಕಾಯಿಸಿಕೊಳ್ಳೋಣ."